ಎಸ್‌ಪಿ ರೋಡಲ್ಲಿ ಜಾಸ್ತಿ, ಆನ್‌ಲೈನಲ್ಲಿ ಕಮ್ಮಿ, ಯಾಕೆ? ಎಲೆಕ್ಟ್ರಾನಿಕ್ಸ್ ಪಾರ್ಟ್ಸ್ ರೇಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಡುಯಿನೋ (ಕಲಿಯೋರು ಪ್ರೋಗ್ರಾಮ್ ಹಾಕಿ ಆಡೋ ಸಣ್ಣ ಬೋರ್ಡು) ಹಿಡ್ಕೊಂಡು ಈಗಷ್ಟೇ ಶುರು ಮಾಡಿರೋ ಹುಡುಗ್ರು, ಫೈನಲ್ ಇಯರ್ ಪ್ರಾಜೆಕ್ಟಿನವರು, ಮನೇಲೇ ಆಂಪ್ಲಿಫೈಯರ್ ಕಟ್ಟೋರು, ಎಲ್ರೂ ಸುತ್ತಿ ಬಳಸಿ ಕೇಳೋದು ಇದನ್ನೇ. ಹೆಚ್ಚಿನ ಉದಾಹರಣೆ ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ ಸಾಲಾಗಿರೋ ಎಸ್‌ಪಿ ರೋಡಿಂದು, ಆದ್ರೆ ಮುಂಬೈ ಲ್ಯಾಮಿಂಗ್ಟನ್ ರೋಡು, ಚೆನ್ನೈ ರಿಚ್ಚಿ ಸ್ಟ್ರೀಟಲ್ಲೂ ಕಥೆ ಇದೇ. ಕೆಳಗೆ ಲೆಕ್ಕ ಹಾಕಿರೋ ಕಡೆ ಬರೋ ರೂಪಾಯಿಗಳು ಅರ್ಥ ಆಗ್ಲಿ ಅಂತ ಇಟ್ಕೊಂಡಿದ್ದು, ಅದನ್ನ ತೋರ್ಸಿ ಅಂಗಡೀಲಿ ಜಗಳ ಆಡ್ಬೇಡಿ.

ಸೈಟಲ್ಲಿ 6 ರೂಪಾಯಿ ತೋರ್ಸೋ ಐಸಿಗೆ (ಚಿಪ್ಪಿಗೆ) ಅಂಗಡೀಲಿ 20 ಹೇಳ್ತಾರೆ, ಇದು ಲೂಟಿ ಅಲ್ವಾ?

ಆ 6 ರೂಪಾಯಿ ಯಾವ ಕಾಲಮ್ಮಲ್ಲಿತ್ತು ಅಂತ ಮೊದ್ಲು ನೋಡಿ. ಕಾಂಪೊನೆಂಟ್ ಸೈಟುಗಳಲ್ಲಿ ಒಂದು ಪೀಸಿಗೆ ಒಂದು ರೇಟು, 10ಕ್ಕೆ ಇನ್ನೊಂದು, 100ಕ್ಕೆ, 1000ಕ್ಕೆ ಬೇರೆ ಬೇರೆ ಇರತ್ತೆ, ಕಣ್ಣು ಹೋಗೋದು ಮಾತ್ರ ಎಲ್ಲಕ್ಕಿಂತ ಕಮ್ಮಿ ಇರೋ ನಂಬರಿಗೆ. ಬಂದು ಕೇಳೋರಲ್ಲಿ ಅರ್ಧ ಜನ 1000 ಪೀಸಿನ ರೇಟು ನೋಡ್ಕೊಂಡು ಒಂದು ಪೀಸಿನ ಅಂಗಡಿ ರೇಟಿನ ಜೊತೆ ಹೋಲ್ಸ್ತಾ ಇರ್ತಾರೆ. 25 ಕೆಜಿ ಮೂಟೆ ರೇಟು ಹೇಳಿ ಕಾಲು ಕೆಜಿ ಅಕ್ಕಿ ಕೇಳಿದ್ರೆ ಬೀದಿ ಕೊನೆ ಅಂಗಡಿಯವನು ಏನಂತಾನೆ, ಅದೇ.

ಕಾಲಮ್ ಸರಿಯಾಗಿ ನೋಡಿದ ಮೇಲೂ ವ್ಯತ್ಯಾಸ ಉಳಿಯತ್ತೆ, ಅದಕ್ಕೆ ಕಾರಣ ಮಾಲು ಅಂಗಡೀಲಿ ಕೂತಿರೋದು. ಒಂದು ಲೆಕ್ಕ ಹಾಕೋಣ. ಎಲ್‌ಇಡಿ ಓಡೋ ಸರ್ಕ್ಯೂಟಿಗೆ ಹಾಕ್ತೀವಲ್ಲ ಸಿಡಿ4017, ಅದು 16 ಕಾಲಿನ ಐಸಿ, ಸಾಮಾನ್ಯವಾಗಿ ಟ್ಯೂಬಲ್ಲಿ 25 ಪೀಸ್ ಬರತ್ತೆ. ಅಂಗಡಿಯವರಿಗೆ 12 ರೂಪಾಯಿಗೆ ಬಿತ್ತು ಅಂತಿಟ್ಕೊಳ್ಳಿ, ಟ್ಯೂಬಿಗೆ 300. 4017 ಹೇಗೋ ಓಡತ್ತೆ ಬಿಡಿ, ಆದ್ರೆ ಅದರ ಪಕ್ಕದಲ್ಲೇ ಇರೋ, ಅದೇ ರೇಟಿನ, ವರ್ಷಕ್ಕೆ 5 ಪೀಸ್ ಹೋಗೋ ಇನ್ನೊಂದು ನಂಬರಿನ ಐಸಿ ತಗೊಳ್ಳಿ. 20ಕ್ಕೆ ಮಾರಿದ್ರೆ ಪೀಸಿಗೆ 8 ಲಾಭ, ಮೊದಲ ವರ್ಷ 40 ರೂಪಾಯಿ ಬಂತು. ಅದೇ 300ನ್ನ ಬ್ಯಾಂಕಲ್ಲಿ ಏಳು ಪರ್ಸೆಂಟಿಗೆ ಎಫ್‌ಡಿ ಇಟ್ಟಿದ್ರೆ ಏನೂ ಮಾಡ್ದೆ 21 ಬರ್ತಿತ್ತು. ಉಳಿದಿದ್ದು 19 ರೂಪಾಯಿ, ಇದರಲ್ಲೇ ಆ ಡಬ್ಬಿ ಕೂತಿರೋ ಜಾಗದ ಬಾಡಿಗೆ, ಹುಡುಗನ ಸಂಬಳ, ಕರೆಂಟ್ ಬಿಲ್ಲು, ಕಾಲು ಮುರಿದು ಹಾಳಾದ ಪೀಸು, ಕಳೆದೋದ ಪೀಸು ಎಲ್ಲಾ ಬರ್ಬೇಕು. ಇಂಥ ನಂಬರ್ ಒಂದಲ್ಲ, ಸಾವಿರಗಟ್ಟಲೆ.

ರೆಸಿಸ್ಟರ್ ಒಂದನ್ನೇ ತಗೊಳ್ಳಿ. ಇ24 ಅನ್ನೋ ಸ್ಟ್ಯಾಂಡರ್ಡ್ ಸಾಲಲ್ಲಿ ಪ್ರತಿ ಹತ್ತರ ಪಟ್ಟಿಗೆ (1ರಿಂದ 10, 10ರಿಂದ 100, ಹಿಂಗೆ) 24 ಓಮ್ ವ್ಯಾಲ್ಯೂ, 1 ಓಮ್‌ನಿಂದ 10 ಮೆಗಾ ಓಮ್ ತನಕ ಏಳು ಪಟ್ಟು, ಒಟ್ಟು 168. ಅದನ್ನ ಕಾಲು ವ್ಯಾಟು, ಅರ್ಧ ವ್ಯಾಟು, 1 ವ್ಯಾಟು, 2 ವ್ಯಾಟು ಅಂತ ಇಟ್ರೆ 672 ಡ್ರಾಯರ್ ಆಯ್ತು, ಇನ್ನೂ ಕೆಪಾಸಿಟರ್ ಕಡೆ ತಿರುಗೇ ನೋಡಿಲ್ಲ. ಓಡೋದು 220 ಓಮ್, 330, 1ಕೆ (ಅಂದ್ರೆ ಸಾವಿರ ಓಮ್), 4.7ಕೆ, 10ಕೆ ಇಷ್ಟೇ. ಮಿಕ್ಕಿದ್ದೆಲ್ಲ ನೀವು ಯಾವತ್ತೋ ಒಂದಿನ ಬಂದು "ಅಣ್ಣಾ, 91 ಕೆ ಇದ್ಯಾ?" ಅಂತ ಕೇಳ್ದಾಗ ಇದೆ ಅನ್ನೋದಕ್ಕೋಸ್ಕರ ಕಾಯ್ತಾ ಕೂತಿರತ್ತೆ.

ಆನ್‌ಲೈನ್‌ನವರಿಗೂ ಸ್ಟಾಕ್ ಇಟ್ಕೊಳ್ಳೋ ಖರ್ಚು ಇದ್ದೇ ಇದೆಯಲ್ಲ?

ಇದೆ, ಆದ್ರೆ ಹಂಚಿ ಹೋಗತ್ತೆ. ಅವರ ಒಂದು ಗೋಡೌನಿಗೆ ಇಡೀ ದೇಶ ಗಿರಾಕಿ. ಎಸ್‌ಪಿ ರೋಡಲ್ಲಿ ವರ್ಷಕ್ಕೆ 5 ಹೋಗೋ ನಂಬರ್ ಅವರ ಹತ್ರ ವಾರಕ್ಕೇ ಅಷ್ಟು ಹೋಗ್ಬಹುದು, ಹಂಗಾಗಿ ಪೀಸಿಗೆ ಒಂದು ರೂಪಾಯಿ ಲಾಭ ಇಟ್ಕೊಂಡ್ರೂ ದುಡ್ಡು ತಿರುಗ್ತಾ ಇರತ್ತೆ. ಗೋಡೌನ್ ಊರಾಚೆ ಇದ್ರೂ ನಡಿಯತ್ತೆ, ಗಿರಾಕಿ ಮೆಟ್ರೋ ಇಳ್ಕೊಂಡು ಬರೋ ಜಾಗದಲ್ಲೇ ಇರ್ಬೇಕು ಅಂತಿಲ್ಲ. ಎಸ್‌ಪಿ ರೋಡು ಅಂದ್ರೆ ಕೆಆರ್ ಮಾರ್ಕೆಟ್, ಚಿಕ್ಕಪೇಟೆ, ಅವೆನ್ಯೂ ರೋಡಿನ ಮಗ್ಗುಲು, ಅಲ್ಲಿ ಒಂದು ಶಟರಿನ ಅಂಗಡಿ ಅಂದ್ರೂ ಅಡ್ವಾನ್ಸೇ ಎದೆ ನಡುಗ್ಸತ್ತೆ.

ಇನ್ನೊಂದು, ಸೈಟಲ್ಲಿ ಹುಡುಕೋ ಕೆಲಸ ನಿಮ್ದು. ಪಾರ್ಟ್ ನಂಬರ್ ಟೈಪ್ ಮಾಡೋದು, ಡೇಟಾಶೀಟ್ ತೆಗೆಯೋದು, ಪ್ಯಾಕೇಜ್ ಸರಿ ಇದ್ಯಾ ನೋಡೋದು, ತಪ್ಪು ಆರ್ಡರ್ ಮಾಡಿದ್ರೆ ತಲೆ ಚಚ್ಕೊಳ್ಳೋದು, ಎಲ್ಲಾ ನೀವೇ. ಅಂಗಡೀಲಿ ನೀವು ಸುಟ್ಟೋಗಿರೋ ಬೋರ್ಡ್ ತಂದು ಕೌಂಟರ್ ಮೇಲಿಟ್ಟು "ಇದೇನು ಸಾರ್" ಅಂತೀರ, ಅವರು ಕನ್ನಡಕ ಮೇಲೆತ್ತಿ ನೋಡಿ ಹೇಳ್ತಾರೆ, ಒಳಗೋಗಿ ಹುಡುಕಿ ತಂದು ಎಣಿಸಿ ಕವರಿಗೆ ಹಾಕಿ ಕೊಡ್ತಾರೆ. 4 ರೂಪಾಯಿ ವ್ಯಾಪಾರಕ್ಕೆ.

ಅವರಿಗೂ ಹೋಲ್‌ಸೇಲಲ್ಲಿ ಅಗ್ಗಕ್ಕೇ ಸಿಗ್ಬೇಕಲ್ಲ?

ಎಷ್ಟನೇ ಕೈ ಅನ್ನೋದರ ಮೇಲೆ ಹೋಗತ್ತೆ. ಮಾಲು ಬಹುಪಾಲು ಚೀನಾದ ಶೆನ್‌ಝೆನ್ ಕಡೆಯಿಂದ ಬರೋದು. ಅಲ್ಲಿಂದ ಇಂಪೋರ್ಟರ್, ಅವರಿಂದ ಹೋಲ್‌ಸೇಲ್ ಅಂಗಡಿ, ಅಲ್ಲಿಂದ ನೀವು ಹೋಗೋ ಚಿಲ್ಲರೆ ಅಂಗಡಿ, ಪ್ರತಿಯೊಬ್ರೂ ತಮ್ಮ ಪಾಲು ಇಟ್ಕೊಂಡೇ ಮುಂದಕ್ಕೆ ಕೊಡೋದು. ದೊಡ್ಡ ಆನ್‌ಲೈನ್ ಕಂಪನಿಗಳು ತಾವೇ ಇಂಪೋರ್ಟ್ ಮಾಡ್ಕೊಂಡು ಮಧ್ಯದ ಎರಡು ಕೈ ಹಾರಿಸ್ಬಿಡ್ತಾರೆ. ಸಣ್ಣ ಎಸ್‌ಎಂಡಿ (ಬೋರ್ಡ್ ಮೇಲೇ ಕೂರೋ, ಉದ್ದ ಕಾಲಿಲ್ಲದ) ರೆಸಿಸ್ಟರ್ ರೀಲು 5000 ಪೀಸಿನದ್ದು, ಅವರು ಅಂಥ ರೀಲುಗಳನ್ನೇ ಗಂಟುಗಟ್ಟಲೆ ತರಿಸ್ತಾರೆ, ಚಿಲ್ಲರೆ ಅಂಗಡಿಯವರು ಒಂದು ರೀಲ್ ತಂದ್ರೂ ಯಾವಾಗ ಖಾಲಿ ಆಗತ್ತೋ ದೇವರಿಗೇ ಗೊತ್ತು.

ಎಸ್‌ಪಿ ರೋಡೊಳಗೇ ಎರಡು ಥರ ಅಂಗಡಿ ಇದೆ ಅನ್ನೋದು ಹೊಸಬರಿಗೆ ಗೊತ್ತಿರಲ್ಲ. ಮುಂದೆ ಎಲ್‌ಇಡಿ ಮಿಂಚ್ಸ್ತಾ ಡಿಸ್‌ಪ್ಲೇ ಮಾಡಿರೋ ಅಂಗಡಿ ಒಂದು ಥರ, ಒಳಗಲ್ಲಿ ಮೆಟ್ಟಿಲು ಹತ್ತಿ ಹೋದ್ರೆ ಡಬ್ಬಿಗಳ ಮಧ್ಯೆ ಒಬ್ರು ಕೂತಿರ್ತಾರಲ್ಲ ಅದು ಇನ್ನೊಂದು ಥರ. ಎರಡನೆಯವರು ಒಂದು ಪೀಸ್ ಕೇಳಿದ್ರೆ ಮುಖ ಎತ್ತಿ ನೋಡಲ್ಲ, 100 ಅಂದ್ರೆ ಕುರ್ಚಿ ಹಾಕ್ತಾರೆ.

ಜಿಎಸ್‌ಟಿ ಎರಡು ಕಡೆಗೂ ಒಂದೇ ಅಲ್ವಾ, ಅದರಲ್ಲಿ ವ್ಯತ್ಯಾಸ ಎಲ್ಲಿಂದ ಬರತ್ತೆ?

ರೇಟು ಒಂದೇ. ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್, ಐಸಿ ಎಲ್ಲಕ್ಕೂ 18 ಪರ್ಸೆಂಟು. ಆದ್ರೆ ತೋರ್ಸೋ ರೀತಿ ಬೇರೆ. ಕಂಪನಿಗಳಿಗೆ ಮಾರೋ ಡಿಸ್ಟ್ರಿಬ್ಯೂಟರ್ ಸೈಟುಗಳಲ್ಲಿ ಕಾಣೋ ರೇಟು ಟ್ಯಾಕ್ಸ್ ಬಿಟ್ಟು ಇರತ್ತೆ, ಕೊನೇ ಪೇಜಲ್ಲಿ 18 ಸೇರ್ಕೊಳ್ಳತ್ತೆ. ಅಂಗಡಿಯವರು ಬಾಯಲ್ಲಿ ಹೇಳೋದು ಹೆಚ್ಚಾಗಿ ಎಲ್ಲಾ ಸೇರಿ. 100 ರೂಪಾಯಿ ಅಂತ ನೋಡಿದ್ದು ನಿಜವಾಗ್ಲೂ 118, ಅಷ್ಟು ಅಂತರ ಅಲ್ಲೇ ಕರಗ್ತು.

ಇನ್ನೊಂದು ಸೂಕ್ಷ್ಮ ಇದೆ. ಸಣ್ಣ ಅಂಗಡಿಗಳು ಎಷ್ಟೋ ಕಾಂಪೊಸಿಷನ್ ಸ್ಕೀಮಲ್ಲಿ ಇರ್ತವೆ, ಅಂದ್ರೆ ವಹಿವಾಟಿನ ಮೇಲೆ ಒಂದು ಪರ್ಸೆಂಟ್ ಕಟ್ಟಿ ಮುಗಿಸ್ಬಿಡೋದು. ಕೇಳೋಕೆ ಸುಖ, ಆದ್ರೆ ಅವರು ಮಾಲು ತರುವಾಗ ಕಟ್ಟಿದ 18 ಪರ್ಸೆಂಟು ವಾಪಸ್ ಸಿಗಲ್ಲ, ಅದು ಖರೀದಿ ಬೆಲೆಗೇ ಸೇರ್ಕೊಳ್ಳತ್ತೆ. ಮಾಮೂಲಿ ಜಿಎಸ್‌ಟಿಯಲ್ಲಿರೋ ದೊಡ್ಡ ಆನ್‌ಲೈನ್ ಕಂಪನಿಗೆ ಅದು ಕ್ರೆಡಿಟ್ ಆಗಿ ವಾಪಸ್ ಬರತ್ತೆ. ನಿಮ್ಮ ಹತ್ರಾನೂ ಜಿಎಸ್‌ಟಿ ನಂಬರ್ ಇದ್ದು ಬಿಸಿನೆಸ್ಸಿಗೆ ತಗೋತಿದ್ರೆ ಕಾಂಪೊಸಿಷನ್ ಅಂಗಡಿ ಬಿಲ್ಲಿಂದ ನಿಮಗೂ ಕ್ರೆಡಿಟ್ ಇಲ್ಲ, ಆಗ ಆನ್‌ಲೈನೇ ವಾಸಿ, ಯೋಚನೇನೇ ಬೇಡ.

"ಬಿಲ್ ಬೇಕಾ?" ಅಂತ ಕೇಳ್ತಾರಲ್ಲ, ಏನ್ ಹೇಳ್ಬೇಕು?

ಬೇಕು ಅನ್ನಿ. ವಾರಂಟಿ ಕೇಳೋಕೆ, ಕಾಲೇಜಲ್ಲಿ ರಿಇಂಬರ್ಸ್ ಮಾಡ್ಸೋಕೆ ಎಲ್ಲಾ ಅದೇ ಬೇಕಾಗೋದು. ಬಿಲ್ ಅಂದ ತಕ್ಷಣ ರೇಟು ಏರಿದ್ರೆ ಮೊದ್ಲು ಹೇಳಿದ್ದು ಟ್ಯಾಕ್ಸ್ ಬಿಟ್ಟು ಹೇಳಿದ ರೇಟು ಅಂತ ಅರ್ಥ ಮಾಡ್ಕೊಳ್ಳಿ. 2025ರ ಜುಲೈನಲ್ಲಿ ರಾಜ್ಯದಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಟ್ಯಾಕ್ಸ್ ನೋಟಿಸ್ ಬಂತಲ್ಲ, ಆಗ ಎಷ್ಟೋ ಅಂಗಡಿಗಳಲ್ಲಿ ಕ್ಯಾಶ್ ಮಾತ್ರ ಅನ್ನೋ ಬೋರ್ಡು ಬಿತ್ತು. ಹಂಗಾಗಿ ಜೇಬಲ್ಲಿ ಒಂದಿಷ್ಟು ನೋಟು ಇರ್ಲಿ.

ಚೀನಾದಿಂದ ನಾನೇ ನೇರವಾಗಿ ತರ್ಸ್ಕೊಂಡ್ರೆ?

ಒಂದು ಕಾಲದಲ್ಲಿ ಇದು ಸ್ವರ್ಗ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ಅಲಿಎಕ್ಸ್‌ಪ್ರೆಸ್ ಅನ್ನೋ ಚೀನಾ ಸೈಟಲ್ಲಿ ಒಂದು ಡಾಲರಿನ ಮಾಡ್ಯೂಲು, ಶಿಪ್ಪಿಂಗ್ ಫ್ರೀ, ತಿಂಗಳು ಒಂದೂವರೆ ತಿಂಗಳು ಕಾದ್ರೆ ಪೋಸ್ಟ್‌ಮ್ಯಾನ್ ತಂದ್ಕೊಡೋರು. ಎಷ್ಟೋ ಪಾರ್ಸೆಲ್ಲು ಗಿಫ್ಟ್ ಅಂತ ಬರ್ದು ಡ್ಯೂಟಿ ಇಲ್ದೆ ಒಳಗೆ ಬರ್ತಿತ್ತು. 2019ರ ಡಿಸೆಂಬರಲ್ಲಿ ಸರ್ಕಾರ ಆ ಗಿಫ್ಟ್ ದಾರಿ ಮುಚ್ತು, ರಾಖಿ ಮತ್ತೆ ಜೀವ ಉಳಿಸೋ ಔಷಧಿಗಷ್ಟೇ ವಿನಾಯಿತಿ. 2020ರ ನವೆಂಬರಲ್ಲಿ 43 ಆಪ್ ಬ್ಯಾನ್ ಮಾಡಿದ್ರಲ್ಲ, ಅದರಲ್ಲಿ ಅಲಿಎಕ್ಸ್‌ಪ್ರೆಸ್ ಕೂಡ ಹೋಯ್ತು. ಅಂಗಡಿ ರೇಟು ವಿಪರೀತ ಅನ್ನೋ ಅಭಿಪ್ರಾಯ ಹುಟ್ಟಿದ್ದೇ ಆ ಕಾಲದಲ್ಲಿ, ಆ ಹಳೇ ರೇಟು ಇನ್ನೂ ಜನರ ತಲೇಲಿ ಕೂತಿದೆ ಅನ್ನೋದು ನನ್ನ ಅನಿಸಿಕೆ.

ಈಗ್ಲೂ ಎಲ್‌ಸಿಎಸ್‌ಸಿ ಥರದ ಚೀನಾ ಕಾಂಪೊನೆಂಟ್ ಸೈಟಿಂದ ತರ್ಸ್ಬಹುದು, ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಜೊತೆ ತರ್ಸೋರು ಬೇಕಾದಷ್ಟು ಜನ ಇದ್ದಾರೆ. ಆದ್ರೆ ಕೊರಿಯರ್ ಚಾರ್ಜು, ಕೆವೈಸಿ, ಡ್ಯೂಟಿ, ಅದನ್ನ ನಿಮ್ಮ ಪರವಾಗಿ ಕಟ್ಟಿದ್ದಕ್ಕೆ ಕೊರಿಯರಿನವರ ಫೀಸು, ಎಲ್ಲಾ ಸೇರತ್ತೆ. ಡಬ್ಲ್ಯುಟಿಒ ಐಟಿ ಒಪ್ಪಂದದಿಂದಾಗಿ ಐಸಿಗಳಿಗೆ ಬೇಸಿಕ್ ಡ್ಯೂಟಿ ಸೊನ್ನೆ ಅಂತ ಕೆಲವರು ವಾದ ಮಾಡ್ತಾರೆ, ಅದು ನಿಜ, ಆದ್ರೆ ಐಜಿಎಸ್‌ಟಿ (ಇಂಪೋರ್ಟ್ ಮೇಲೆ ಬೀಳೋ ಜಿಎಸ್‌ಟಿ) 18 ಪರ್ಸೆಂಟು ಎಲ್ಲೂ ಹೋಗಲ್ಲ, ಮತ್ತೆ ಅದು ಕೊರಿಯರ್ ಚಾರ್ಜನ್ನೂ ಸೇರಿಸಿದ ಬೆಲೆ ಮೇಲೆ ಬೀಳೋದು. ನಾಲ್ಕು ಜನ ಸೇರಿ ಒಂದೇ ಆರ್ಡರ್ ಹಾಕಿದ್ರೆ ಲೆಕ್ಕ ಕೂಡತ್ತೆ, ಒಬ್ಬರೇ ಎರಡು ಸೆನ್ಸರಿಗೋಸ್ಕರ ಹಾಕಿದ್ರೆ ಕೂಡಲ್ಲ.

ಹಂಗಾದ್ರೆ ಅಂಗಡೀನೇ ಅಗ್ಗ ಆಗೋದು ಯಾವಾಗ?

ಚಿಲ್ಲರೆ ಸಾಮಾನಿಗೆ ಹೆಚ್ಚು ಕಮ್ಮಿ ಯಾವಾಗ್ಲೂ. ಐದು ರೆಸಿಸ್ಟರ್, ಎರಡು ಬಿಸಿ547 ಟ್ರಾನ್ಸಿಸ್ಟರ್, ಒಂದು 7805 ರೆಗ್ಯುಲೇಟರ್, ಎರಡು ಕೆಪಾಸಿಟರ್ ಬೇಕು ಅಂತಿಟ್ಕೊಳ್ಳಿ. ಅಂಗಡೀಲಿ 40 ರೂಪಾಯಿ. ಸೈಟಲ್ಲಿ ಅದೇ 15 ರೂಪಾಯಿಗೆ ಕಾಣತ್ತೆ, ಆದ್ರೆ ರೆಸಿಸ್ಟರ್ ಹತ್ತರ ಪ್ಯಾಕಲ್ಲೇ ಕೊಡೋದು, ಟ್ರಾನ್ಸಿಸ್ಟರ್ ಐದರ ಪ್ಯಾಕು, ಶಿಪ್ಪಿಂಗ್ 60, ಟ್ಯಾಕ್ಸು, ಒಟ್ಟು ನೂರು ದಾಟ್ತು. ಆಮೇಲೆ ಫ್ರೀ ಶಿಪ್ಪಿಂಗ್ 500 ಮೇಲೆ ಅಂತ ನೋಡ್ತೀರ, ಬೇಡದೇ ಇರೋ ಅಲ್ಟ್ರಾಸೋನಿಕ್ ಸೆನ್ಸರ್, ಒಂದು ಸರ್ವೋ, ಜಂಪರ್ ವೈರ್ ಎಲ್ಲಾ ಕಾರ್ಟಿಗೆ ಹಾಕ್ತೀರ. 40 ರೂಪಾಯಿ ಕೆಲಸಕ್ಕೆ 520 ಖರ್ಚು, ಮೇಲಿಂದ ಉಳಿತಾಯ ಆಯ್ತು ಅನ್ನೋ ಖುಷಿ ಬೇರೆ. ಎಲ್ಲರ ಮನೇಲೂ ಇಂಥ ಒಂದು ಡಬ್ಬಿ ಇದೆ.

ರಿಪೇರಿ ಸಾಮಾನಿಗೂ ಅಂಗಡೀನೇ. ಹಳೇ ಟಿವಿಯ ಇಎಚ್‌ಟಿ (ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್), ಎಸ್‌ಟಿಕೆ ಸರಣಿಯ ಆಡಿಯೋ ಐಸಿ, ಮಿಕ್ಸಿ ಸ್ವಿಚ್ಚು, ಇವೆಲ್ಲ ಸೈಟಲ್ಲಿ ಫೋಟೋ ನೋಡಿ ತಗೊಳ್ಳೋ ಮಾಲಲ್ಲ, ಹಳೇದನ್ನ ಕೈಲಿ ಹಿಡ್ಕೊಂಡೋಗಿ ಪಕ್ಕಪಕ್ಕ ಇಟ್ಟು ನೋಡ್ಬೇಕು.

ಆರ್ಡುಯಿನೋ, ಇಎಸ್‌ಪಿ32 ಥರದ ಬೋರ್ಡಿಗೆ?

ಇಲ್ಲಿ ಮಾತ್ರ ಆನ್‌ಲೈನ್ ಗೆಲ್ಲೋದು ಜಾಸ್ತಿ. ಎಲ್ಲರೂ ಕೇಳೋ ಮಾಲು, ಸೈಟುಗಳ ಮಧ್ಯೆ ರೇಟಿನ ಪೈಪೋಟಿ ಇದೆ, ಕೆಲವರು ಬೋರ್ಡಲ್ಲಿ ಲಾಭ ಬಿಟ್ಟು ಬೇರೆದರಲ್ಲಿ ತಗೋತಾರೆ. ಆದ್ರೆ ಹೋಲ್ಸೋ ಮುಂಚೆ ಎರಡೂ ಒಂದೇ ಮಾಲಾ ನೋಡಿ. ಆರ್ಡುಯಿನೋ ಡಿಸೈನ್ ಓಪನ್ ಸೋರ್ಸ್, ಬೇರೆಯವರು ಮಾಡಿ ಮಾರೋದು ತಪ್ಪಲ್ಲ, ಆರ್ಡುಯಿನೋ ಹೆಸರು ಲೋಗೋ ಹಾಕ್ಕೊಂಡು ಅಸಲಿ ಅಂತ ಮಾರಿದ್ರೆ ತಪ್ಪು. ಅಸಲಿ ಊನೋ ಆರ್3 ಬೋರ್ಡಲ್ಲಿ ಯುಎಸ್‌ಬಿಗೆ ಎಟಿಮೆಗಾ16ಯು2 ಚಿಪ್ ಇರತ್ತೆ, ಅಗ್ಗದ ಕ್ಲೋನಲ್ಲಿ ಹೆಚ್ಚಾಗಿ ಸಿಎಚ್340. ಕಲಿಯೋಕೆ ಸಿಎಚ್340 ಬೋರ್ಡಿಗೆ ಏನೂ ಕೊರತೆ ಇಲ್ಲ, ಆದ್ರೆ ಕ್ಲೋನ್ ಕೊಟ್ಟು ಅಸಲಿ ದುಡ್ಡು ತಗೊಂಡ್ರೆ, ಅಂಗಡಿ ಆಗ್ಲಿ ಸೈಟ್ ಆಗ್ಲಿ, ಅದು ಮೋಸಾನೇ.

ಡೂಪ್ಲಿಕೇಟ್ ಜಾಸ್ತಿ ಸಿಗೋದು ಅಂಗಡೀಲಾ ಆನ್‌ಲೈನಲ್ಲಾ?

ಎರಡೂ ಕಡೆ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ರೇಟಿನ ಅರ್ಧ ಗುಟ್ಟು ಇಲ್ಲೇ ಇದೆ.

18650 ಲಿಥಿಯಂ ಬ್ಯಾಟರಿ ಸೆಲ್ ಗೊತ್ತಲ್ಲ, 18 ಮಿಮೀ ದಪ್ಪ 65 ಮಿಮೀ ಉದ್ದ. ಒಳ್ಳೇ ಕಂಪನಿ ಸೆಲ್ಲಲ್ಲಿ 3500 ಎಂಎಎಚ್ ಆಸುಪಾಸು ಅಂದ್ರೆ ದೊಡ್ಡ ಮಾತು. ಅದರ ಮೇಲೆ 9900 ಅಂತ ಪ್ರಿಂಟ್ ಹಾಕಿ ಮಾರ್ತಾರೆ, ಅಂಗಡೀಲೂ ಉಂಟು ಸೈಟಲ್ಲೂ ಉಂಟು, ನೋಡಿದ್ ತಕ್ಷಣ ಕೆಳಗಿಟ್ಬಿಡಿ. ಎಲ್‌ಎಂ2596 ಬಕ್ ಮಾಡ್ಯೂಲು (ವೋಲ್ಟೇಜ್ ಇಳಿಸೋದು) ಇನ್ನೊಂದು. ಅಸಲಿ ಚಿಪ್ 150 ಕಿಲೋಹರ್ಟ್ಝಲ್ಲಿ ಸ್ವಿಚ್ ಆಗ್ಬೇಕು, ಅಗ್ಗದ ಮಾಡ್ಯೂಲಲ್ಲಿ ಆಸಿಲೋಸ್ಕೋಪ್ ಇಟ್ರೆ 50ರ ಹತ್ರ ಕಾಣತ್ತೆ, ಬೇರೆ ಚಿಪ್ಪಿಗೆ ಹೆಸರು ಬರೆದಿರ್ತಾರೆ ಅಷ್ಟೇ. ಡಿಎಸ್18ಬಿ20 ಟೆಂಪರೇಚರ್ ಸೆನ್ಸರಲ್ಲಂತೂ ನಕಲು ತುಂಬಿ ತುಳುಕ್ತಿದೆ. 2014ರಲ್ಲಿ ಎಫ್‌ಟಿಡಿಐ ಕಂಪನಿ ವಿಂಡೋಸ್ ಅಪ್‌ಡೇಟ್ ಮೂಲಕ ಬಿಟ್ಟ ಡ್ರೈವರ್ ನಕಲಿ ಎಫ್‌ಟಿ232 (ಯುಎಸ್‌ಬಿ ಕೇಬಲಲ್ಲಿರೋ ಚಿಪ್) ಚಿಪ್ಪುಗಳ ಐಡಿಯನ್ನೇ ಸೊನ್ನೆ ಮಾಡಿ ಕೆಲಸಕ್ಕೆ ಬಾರದಂಗೆ ಮಾಡ್ಬಿಡ್ತು, ನಾವು ಅಸಲಿ ಅಂತ ನಂಬ್ಕೊಂಡಿದ್ದ ಕೇಬಲ್ ನಕಲು ಅಂತ ಎಷ್ಟೋ ಜನಕ್ಕೆ ಗೊತ್ತಾಗಿದ್ದೇ ಅವತ್ತು.

ಖಾತ್ರಿ ಬೇಕು ಅಂದ್ರೆ ಮೌಸರ್, ಡಿಜಿಕೀ, ಎಲಿಮೆಂಟ್14 ಥರದ ಅಧಿಕೃತ ಡಿಸ್ಟ್ರಿಬ್ಯೂಟರ್. ತಯಾರಕರಿಂದ ನೇರ ಬಂದ ಮಾಲು, ಲಾಟ್ ನಂಬರ್ ಸಮೇತ ದಾಖಲೆ ಇರತ್ತೆ. ಅಲ್ಲಿನ ರೇಟು ನೋಡಿ, ಎಷ್ಟೋ ಸಲ ಎಸ್‌ಪಿ ರೋಡಿಗಿಂತ ಜಾಸ್ತಿ! ಅಂದ್ರೆ ಆನ್‌ಲೈನ್ ಅಂದ ತಕ್ಷಣ ಅಗ್ಗ ಅಂತಲ್ಲ, ಅಗ್ಗ ಸಿಗೋ ಆನ್‌ಲೈನ್ ಬೇರೆ, ಅಸಲಿ ಸಿಗೋ ಆನ್‌ಲೈನ್ ಬೇರೆ. ಮೆಡಿಕಲ್ ಡಿವೈಸೋ ಚಾರ್ಜರೋ ಮಾಡಿ ಮಾರೋರಾದ್ರೆ ಎರಡನೆಯದ್ದೇ ಸರಿ. ಬ್ರೆಡ್‌ಬೋರ್ಡಲ್ಲಿ ಎಲ್‌ಇಡಿ ಮಿಣುಕ್ಸೋಕೆ ಅಷ್ಟೆಲ್ಲ ಬೇಡ.

"ಅದಿಲ್ಲ, ಇದು ಹಾಕಿ ಅದೇ" ಅಂತಾರೆ, ನಂಬ್ಬಹುದಾ?

ನಂಬಿ, ಆದ್ರೆ ಕಾಲು ನೋಡ್ಕೊಳ್ಳಿ. ಬಿಸಿ547 ಬದಲಿಗೆ 2ಎನ್3904 ಎಷ್ಟೋ ಕಡೆ ನಡಿಯತ್ತೆ, ಆದ್ರೆ ಚಪ್ಪಟೆ ಮುಖ ನಿಮ್ಮ ಕಡೆ ಹಿಡಿದ್ರೆ 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್, 3904ರಲ್ಲಿ ಉಲ್ಟಾ. ಕೊಟ್ಟವರು ಇದನ್ನೂ ಹೇಳಿ ಕೊಟ್ರೆ ಆ ಅಂಗಡಿ ಬಿಡ್ಬೇಡಿ, ಎರಡು ರೂಪಾಯಿ ಜಾಸ್ತಿ ಆದ್ರೂ.

ಸ್ಟೂಡೆಂಟ್ಸ್ ಮುಖ ನೋಡಿ ರೇಟು ಏರಿಸ್ತಾರೆ, ನಿಜಾನಾ?

ಕೆಲವರು ಏರಿಸ್ತಾರೆ, ಮುಚ್ಚಿಡೋದು ಯಾಕೆ. ಪ್ರಾಜೆಕ್ಟ್ ಸಬ್ಮಿಷನ್ ಹತ್ರ ಬಂದಾಗ ನಾಲ್ಕು ಜನ ಹುಡುಗ್ರು ಮೊಬೈಲಲ್ಲಿ ಲಿಸ್ಟ್ ಹಿಡ್ಕೊಂಡು ಬೆವರು ಒರೆಸ್ಕೊಂಡು ಬಂದ್ರೆ ಅರ್ಜೆಂಟು ಅಂತ ಯಾರಿಗಾದ್ರೂ ಗೊತ್ತಾಗತ್ತೆ. ಲಿಸ್ಟ್ ಪೂರ್ತಿ ಒಂದೇ ಕಡೆ ಕೊಟ್ಟು "ಟೋಟಲ್ ಎಷ್ಟು" ಅಂತ ಕೇಳೋದು ದೊಡ್ಡ ತಪ್ಪು, ಅದರಲ್ಲಿ ಯಾವುದಕ್ಕೆ ಎಷ್ಟು ಹಾಕಿದ್ರು ಅಂತ ಗೊತ್ತಾಗಲ್ಲ. ಪೀಸ್ ಪೀಸಿಗೆ ರೇಟು ಕೇಳಿ, ಮೂರ್ನಾಲ್ಕು ಅಂಗಡಿ ಸುತ್ತಿ, ಸೈಟ್ ರೇಟು ಫೋನಲ್ಲಿ ತೆಗ್ದಿಟ್ಕೊಂಡಿರಿ. ದೊಡ್ಡ ಐಟಮ್ಮಿಗೆ ಮಾತ್ರ ಚೌಕಾಸಿ ಮಾಡಿ: ಪವರ್ ಸಪ್ಲೈ, ಮೋಟರ್, ಸೋಲ್ಡರಿಂಗ್ ಸ್ಟೇಷನ್, ಮಲ್ಟಿಮೀಟರ್. "ಅಣ್ಣಾ ಲಾಸ್ಟ್ ಎಷ್ಟು ಮಾಡ್ಕೊಡ್ತೀರಾ" ಅಂದ್ರೆ ಇಳೀತಾರೆ. ಎರಡು ರೂಪಾಯಿ ರೆಸಿಸ್ಟರಿಗೆ ಚೌಕಾಸಿ ಮಾಡಿದ್ರೆ ಮುಂದಿನ ಸಲ ಇದ್ರೂ ಇಲ್ಲ ಅಂತಾರೆ.

2021ರಲ್ಲಿ ಏರಿದ ರೇಟು ಅಂಗಡೀಲಿ ಯಾಕೆ ನಿಧಾನಕ್ಕೆ ಇಳೀತು?

ಚಿಪ್ ಅಭಾವದ ಸಮಯದಲ್ಲಿ ಎಸ್‌ಟಿಎಂ32, ಎಟಿಮೆಗಾ ಎಲ್ಲಾ ಆಕಾಶಕ್ಕೆ ಹೋಗಿತ್ತು, 2021ರ ಅಕ್ಟೋಬರಲ್ಲಿ ರಾಸ್ಪ್‌ಬೆರಿ ಪೈ ಕಂಪನೀನೇ 2 ಜಿಬಿಯ ಪೈ 4 ಬೋರ್ಡಿನ ಬೆಲೆ 35 ಡಾಲರಿಂದ 45ಕ್ಕೆ ಏರಿಸ್ತು. ಆಗ ಜಾಸ್ತಿ ಕೊಟ್ಟು ತುಂಬಿಸ್ಕೊಂಡ ಅಂಗಡಿಯವರು ಆ ಮಾಲು ಖಾಲಿ ಆಗೋ ತನಕ ಹೆಂಗೆ ಇಳಿಸ್ತಾರೆ? ಏರುವಾಗ ಮಾತ್ರ ಹಳೇ ಸ್ಟಾಕಿಗೂ ಹೊಸ ರೇಟು ಹಾಕಿದ್ರಲ್ಲ ಅಂತ ನೀವು ಕೇಳಿದ್ರೆ, ಆ ಪ್ರಶ್ನೆ ಸರಿಯಾಗೇ ಇದೆ, ನನ್ನ ಹತ್ರ ಅವರ ಪರ ವಾದ ಇಲ್ಲ.

ನಮ್ಮೂರಲ್ಲಿ ಎಸ್‌ಪಿ ರೋಡಿಗಿಂತಲೂ ಜಾಸ್ತಿ, ಯಾಕೆ?

ಹಾಸನ, ದಾವಣಗೆರೆ, ಶಿವಮೊಗ್ಗ ಕಡೆ ಅಂಗಡಿಗಳಿಗೆ ಮಾಲು ಹೋಗೋದು ಎಷ್ಟೋ ಸಲ ಎಸ್‌ಪಿ ರೋಡಿಂದಾನೇ, ಬಸ್ಸಿಗೆ ಪಾರ್ಸೆಲ್ ಹಾಕಿ. ಅಂದ್ರೆ ಇನ್ನೊಂದು ಕೈ ಜಾಸ್ತಿ. ಅಲ್ಲಿ ವ್ಯಾಪಾರ ನಡಿಯೋದು ಟಿವಿ ಮಿಕ್ಸಿ ರಿಪೇರಿಯವರಿಂದ, ಹುಡುಗ್ರು ಕೇಳೋ ಸೆನ್ಸರ್ ವರ್ಷಕ್ಕೆ ಎರಡು ಹೋದ್ರೆ ಹೆಚ್ಚು. ರಿಪೇರಿಯವರಿಗೆ ಉದ್ರಿ ಬೇರೆ ಕೊಡ್ಬೇಕು, ಆ ಉದ್ರಿ ಬಡ್ಡಿ ಕ್ಯಾಶ್ ಕೊಡೋ ನಿಮ್ಮ ರೇಟಲ್ಲೂ ಸ್ವಲ್ಪ ಬಿದ್ದಿರತ್ತೆ.

ಹಾಳಾಗಿದ್ರೆ ವಾಪಸ್ ತಗೋತಾರಾ?

ಬೆಸುಗೆ ಹಾಕಿದ್ಮೇಲೆ ಯಾರೂ ತಗೊಳಲ್ಲ. ಮಾಡ್ಯೂಲಾದ್ರೆ ಅಲ್ಲೇ ಪವರ್ ಕೊಟ್ಟು ತೋರ್ಸಿ ಅನ್ನಿ, ಬಹಳ ಜನ ತೋರಿಸ್ತಾರೆ. ಸೈಟಲ್ಲಿ ವಾಪಸ್ ಕಳಿಸ್ಬಹುದು, ಆದ್ರೆ ಬಾಕ್ಸ್ ಬಿಚ್ಚೋದರಿಂದ ವಿಡಿಯೋ ಮಾಡಿ ಅಂತ ಕೇಳೋರು ಇದ್ದಾರೆ, ಆರ್ಡರ್ ಮಾಡೋ ಮುಂಚೆ ಓದ್ಕೊಳ್ಳಿ.

ಹಿಂಗೇ ಆದ್ರೆ ಅಂಗಡಿಗಳೆಲ್ಲ ಮುಚ್ಚೋಗಲ್ವಾ?

ಬೇರೆ ದೇಶದಲ್ಲಿ ಆಗಿದೆ. ಅಮೆರಿಕದ ರೇಡಿಯೋ ಶಾಕ್ 2015ರಲ್ಲಿ ದಿವಾಳಿ ಅರ್ಜಿ ಹಾಕ್ತು, ಬ್ರಿಟನ್ನಿನ ಮ್ಯಾಪ್ಲಿನ್ 2018ರಲ್ಲಿ ಅಂಗಡಿ ಮುಚ್ತು, ಸಿಲಿಕಾನ್ ವ್ಯಾಲಿಯಲ್ಲಿರೋ ನಮ್ಮ ಜನ ವೀಕೆಂಡಲ್ಲಿ ಸುಮ್ನೆ ಸುತ್ತಾಡೋಕೆ ಹೋಗ್ತಿದ್ದ ಫ್ರೈಸ್ 2021ರ ಫೆಬ್ರವರಿಯಲ್ಲಿ ಇದ್ದಕ್ಕಿದ್ದಂಗೆ ಬಾಗಿಲು ಹಾಕ್ತು. ಅವೆಲ್ಲ ದೊಡ್ಡ ಚೈನು, ಸಾಲದ ಹೊರೆ, ಮಾಲ್ ಥರದ ಖರ್ಚು. ಎಸ್‌ಪಿ ರೋಡು ಹಂಗಲ್ಲ, ಮನೆಮಂದಿಯೇ ನಡೆಸೋ ಸಣ್ಣ ಅಂಗಡಿ, ಪಕ್ಕದವರ ಹತ್ರ ಇಲ್ಲದ್ದು ಇವರ ಹತ್ರ, ಇವರ ಹತ್ರ ಇಲ್ಲದ್ದನ್ನ ಹುಡುಗನ್ನ ಓಡ್ಸಿ ಎದುರು ಅಂಗಡಿಯಿಂದ ತರಿಸ್ತಾರೆ. ಎಷ್ಟೋ ಜನ ಈಗ ತಾವೇ ಸೈಟ್ ಮಾಡ್ಕೊಂಡು, ವಾಟ್ಸಪ್ಪಲ್ಲಿ ಲಿಸ್ಟ್ ತಗೊಂಡು ಕೊರಿಯರ್ ಮಾಡ್ತಿದ್ದಾರೆ. ಕಾಂಪೊನೆಂಟ್ ಬಿಟ್ಟು ಸಿಸಿಟಿವಿ, ಲ್ಯಾಪ್‌ಟಾಪ್ ಕಡೆ ತಿರುಗಿದವರೂ ಇದ್ದಾರೆ, ನಿಜ, ರೆಸಿಸ್ಟರ್ ಡ್ರಾಯರಿದ್ದ ಗೋಡೇಲಿ ಈಗ ಕ್ಯಾಮೆರಾ ಬಾಕ್ಸು.

ಭಾನುವಾರ ಹೋದ್ರೆ ಸಿಗತ್ತಾ?

ಬಹುಪಾಲು ಅಂಗಡಿ ಮುಚ್ಚಿರತ್ತೆ. ಶನಿವಾರ ಮಧ್ಯಾಹ್ನದ ಮೇಲೆ ಹೋದ್ರೆ ಕಾಲಿಡೋಕೆ ಜಾಗ ಇರಲ್ಲ, ಪ್ರಶ್ನೆ ಕೇಳೋಕಂತೂ ಯಾರ ಕೈಗೂ ಸಿಗಲ್ಲ. ವಾರದ ಮಧ್ಯೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ, ಗಾಡಿ ಬೇಡ, ಪಾರ್ಕಿಂಗ್ ಸಿಗಲ್ಲ, ಚಿಕ್ಕಪೇಟೆ ಅಥವಾ ಕೆಆರ್ ಮಾರ್ಕೆಟ್ ಮೆಟ್ರೋದಲ್ಲಿ ಇಳ್ದು ನಡೀರಿ.